ಗಾಲಿಯ ಮೇಲೆ ಮನೆ, ಕೊಂಡಿಗೆ ಬೀಗ

ಜಾತ್ರೆಗೆ ಹೊರಟ ಕಮಾನು ಗಾಡಿಯನ್ನು ಕಂಡವರಿಗೆ ಕ್ಯಾರವಾನ್ ಎಂದರೇನೆಂದು ವಿವರಿಸುವುದು ಕಷ್ಟವಲ್ಲ. ಹುಲ್ಲಿನ ಮೇಲೆ ಜಮಖಾನ ಹಾಸಿ, ಬುತ್ತಿಗಂಟು, ಪಾತ್ರೆ ಪಡಗ ಜೋಡಿಸಿಕೊಂಡು ನಾಲ್ಕು ದಿನದ ಸಂಸಾರವನ್ನೇ ಗಾಡಿಗೇರಿಸುವ ಏರ್ಪಾಡು ಅದು. ಎತ್ತಿನ ಜಾಗದಲ್ಲಿ ಕಾರನ್ನೂ ಕಮಾನಿನ ಜಾಗದಲ್ಲಿ ಕಿಟಕಿ ಬಾಗಿಲುಗಳಿರುವ ಪುಟ್ಟ ಕೋಣೆಯನ್ನೂ ಊಹಿಸಿಕೊಂಡರೆ ಬ್ರಿಟನ್ನಿನ ಕ್ಯಾರವಾನ್ ಕಣ್ಣ ಮುಂದೆ ನಿಲ್ಲುತ್ತದೆ.

ಆದರೆ ಒಂದು ವ್ಯತ್ಯಾಸವಿದೆ. ಎತ್ತು ತನ್ನ ಯಜಮಾನನನ್ನು ಬಲ್ಲದು. ಗುರುತಿಲ್ಲದವರು ನೊಗ ಹೂಡಲು ಬಂದರೆ ಕೊಂಬು ಬೀಸೀತು. ಕ್ಯಾರವಾನಿಗೆ ಮಾತ್ರ ಯಾರ ಕಾರಾದರೂ ಒಂದೇ. ಸಾಮಾನ್ಯರ ಕೈಗೆಟುಕಲೆಂದು ಅದನ್ನು ಹಗುರವಾಗಿ, ಸರಳವಾಗಿ, ಯಾವ ಕಾರಿಗಾದರೂ ಹೊಂದುವಂತೆ ಮಾಡಲಾಯಿತು. ಕಳ್ಳನಿಗೆ ಬೇಕಾಗಿದ್ದುದೂ ಅದೇ.

ವೈದ್ಯರ ‘ವಾಂಡರರ್’

ಬ್ರಿಟನ್ನಿನಲ್ಲಿ ವಿಹಾರಕ್ಕೆಂದೇ ಕಟ್ಟಿಸಿದ ಮೊದಲ ಕ್ಯಾರವಾನ್ ಬಡವರ ಸೊತ್ತಾಗಿರಲಿಲ್ಲ. ನೌಕಾಪಡೆಯ ನಿವೃತ್ತ ವೈದ್ಯರೂ ಮಕ್ಕಳ ಸಾಹಸ ಕಥೆಗಳ ಲೇಖಕರೂ ಆಗಿದ್ದ ಡಾ. ವಿಲಿಯಂ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಬ್ರಿಸ್ಟಲ್‌ನ ಗಾಡಿ ಕಾರ್ಖಾನೆಯೊಂದರಲ್ಲಿ ಅದನ್ನು ಮಾಡಿಸಿದರು. ಅಲೆಮಾರಿ ಜಿಪ್ಸಿಗಳ ಬಂಡಿಗಳನ್ನು ಕಂಡು ಆಸೆಪಟ್ಟ ಅವರು ತಮ್ಮ ಮಹಾಗನಿ ಮರದ ಬಂಡಿಗೆ ‘ವಾಂಡರರ್’, ಅಂದರೆ ಅಲೆಮಾರಿ ಎಂದೇ ಹೆಸರಿಟ್ಟರು. ಎರಡು ಕುದುರೆಗಳು ಅದನ್ನು ಎಳೆಯುತ್ತಿದ್ದವು. ಜೊತೆಗೆ ಗಾಡಿ ಹೊಡೆಯುವವನೊಬ್ಬ, ಒಂದು ನಾಯಿ, ಒಂದು ಗಿಣಿ. ಇಕ್ಕಟ್ಟಿನ ದಾರಿಯಲ್ಲಿ ಎದುರು ಬರುವವರನ್ನು ಎಚ್ಚರಿಸಲು ಆಳೊಬ್ಬ ಮೂರು ಚಕ್ರದ ಸೈಕಲ್ಲಿನಲ್ಲಿ ಮುಂದೆ ಹೋಗುತ್ತಿದ್ದ. ಹೀಗೆ ಇಂಗ್ಲೆಂಡಿನ ಟ್ವೈಫರ್ಡ್‌ನಿಂದ ಸ್ಕಾಟ್ಲೆಂಡಿನ ಇನ್ವರ್‌ನೆಸ್‌ವರೆಗೆ ಪಯಣಿಸಿ, ಮರುವರ್ಷವೇ ಅವರು ಪ್ರವಾಸ ಕಥನ ಪ್ರಕಟಿಸಿದರು.

ಆ ಬಂಡಿಯನ್ನು ಕದಿಯುವುದು ಸುಲಭವಿರಲಿಲ್ಲ. ಕುದುರೆ ಬೇಕು, ಅವನ್ನು ಹೂಡಲು ಹೊತ್ತು ಬೇಕು, ಪಕ್ಕದಲ್ಲೇ ಆಳುಕಾಳು ಇರುತ್ತಿದ್ದರು. ಇಡೀ ಸೀಮೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲವಾದ್ದರಿಂದ ಬಚ್ಚಿಡಲೂ ಆಗದು. 1907ರಲ್ಲಿ ಹನ್ನೊಂದು ಮಂದಿ ಸೇರಿ ಕ್ಯಾರವಾನ್ ಕ್ಲಬ್ ಕಟ್ಟಿದಾಗಲೂ ಇದು ಉಳ್ಳವರ ಹವ್ಯಾಸವೇ ಆಗಿತ್ತು.

ದುಡಿಯುವವರ ರಜೆ

ಮೊದಲ ಮಹಾಯುದ್ಧ ಮುಗಿದ ಮೇಲೆ ಚಿತ್ರ ಬದಲಾಯಿತು. 1919ರಲ್ಲಿ ಬರ್ಮಿಂಗ್‌ಹ್ಯಾಮ್‌ನ ಎಕಲ್ಸ್ ಸಂಸ್ಥೆ ಮೋಟಾರು ಕಾರು ಎಳೆಯಬಲ್ಲ ಕ್ಯಾರವಾನನ್ನು ಮಾರಾಟಕ್ಕಿಟ್ಟಿತು. 1938ರ ಕಾಯಿದೆಯೊಂದು ದುಡಿಯುವ ಜನರಿಗೆ ಸಂಬಳ ಸಹಿತ ವಾರ್ಷಿಕ ರಜೆಯ ಹಾದಿ ತೆರೆಯಿತು. ರಜೆಯೇನೋ ಸಿಕ್ಕಿತು, ಆದರೆ ಹೋಟೆಲಿನ ಬಾಡಿಗೆ ತೆರುವ ಶಕ್ತಿ ಎಲ್ಲರಿಗೂ ಇರಲಿಲ್ಲ.

ಈ ಕೊರತೆಯನ್ನು ಸರಿಯಾಗಿ ಗುರುತಿಸಿದವರು ಸ್ಯಾಮ್ ಆಲ್ಪರ್. ಎರಡನೆಯ ಮಹಾಯುದ್ಧದ ನಂತರ, 1940ರ ದಶಕದ ಕೊನೆಯಲ್ಲಿ ಅವರ ‘ಸ್ಪ್ರೈಟ್’ ಕ್ಯಾರವಾನ್ 200 ಪೌಂಡ್ ಆಸುಪಾಸಿನ ಬೆಲೆಗೆ ಮಾರುಕಟ್ಟೆಗೆ ಬಂತು. ಅಲಂಕಾರವಿಲ್ಲದ ತೆಳು ಗೋಡೆ, ಮಡಚುವ ಮಂಚ, ಒಂದು ಒಲೆ. ಚಿಕ್ಕ ಕಾರೂ ಎಳೆಯಬಲ್ಲಷ್ಟು ಹಗುರ. ಕಾರ್ಖಾನೆಯ ನೌಕರ, ಶಾಲಾ ಮಾಸ್ತರ, ಚಿಕ್ಕ ಅಂಗಡಿಯವನು ಹೆಂಡತಿ ಮಕ್ಕಳೊಡನೆ ಸಮುದ್ರ ತೀರಕ್ಕೆ ಹೋಗಿಬರಲು ಅಷ್ಟು ಸಾಕಾಗಿತ್ತು. 1960ರಲ್ಲಿ ಹಳೆಯ ಪ್ರತಿಷ್ಠಿತ ಎಕಲ್ಸ್ ಹೆಸರನ್ನೇ ಸ್ಪ್ರೈಟ್ ಕೊಂಡುಕೊಂಡಿತೆಂದರೆ ಅಗ್ಗದ ಗಾಡಿಯ ಬಲ ಎಷ್ಟೆಂದು ತಿಳಿಯುತ್ತದೆ.

ಯಾರು ಎಳೆದರೂ ಬರುತ್ತದೆ

ಅಗ್ಗವಾಗಬೇಕಾದರೆ ಎಲ್ಲಕ್ಕೂ ಒಂದೇ ಅಳತೆ ಇರಬೇಕು. ಯುರೋಪಿನ ಕಾರುಗಳ ಹಿಂಭಾಗದ ಉಕ್ಕಿನ ಗುಂಡಿನ ವ್ಯಾಸ 50 ಮಿಲಿಮೀಟರ್. ಕ್ಯಾರವಾನಿನ ಮೂತಿಯ ಕೊಂಡಿ ಅದರ ಮೇಲೆ ಕೂತರೆ ಗಾಡಿ ಹೊರಡಲು ಸಿದ್ಧ. ಇಂಜಿನ್ ಇಲ್ಲದ್ದರಿಂದ ಚಾಲೂ ಮಾಡುವ ಕೀಲಿಯೂ ಇಲ್ಲ. ಬೀಗ ಹಾಕದಿದ್ದರೆ ಕೆಲವೇ ನಿಮಿಷಗಳ ಕೆಲಸ.

ಇದಕ್ಕಿಂತ ದೊಡ್ಡ ತೊಡಕು ಕಾನೂನಿನಲ್ಲಿತ್ತು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯಂತೆ ಟ್ರೇಲರಿಗೂ ನೋಂದಣಿ ಬೇಕು. ಅದರ ಸಂಖ್ಯೆಯನ್ನು ಪಕ್ಕದಲ್ಲಿ ಬರೆಸಬೇಕು. ಕಬ್ಬು ಹೇರಿದ ಟ್ರ್ಯಾಕ್ಟರಿಗೆ ಒಂದು ಸಂಖ್ಯೆಯಾದರೆ ಹಿಂದಿನ ಟ್ರೇಲರಿಗೆ ಇನ್ನೊಂದು. ಬ್ರಿಟನ್ನಿನ ಕ್ಯಾರವಾನಿಗೆ ಸರ್ಕಾರ ಕೊಟ್ಟ ಸ್ವಂತ ಸಂಖ್ಯೆ ಇಲ್ಲ. ಎಳೆಯುವ ಕಾರಿನ ಸಂಖ್ಯೆಯನ್ನೇ ಅದರ ಬೆನ್ನಿಗೂ ಹಾಕಬೇಕೆಂಬುದು ನಿಯಮ. ಹೀಗಾಗಿ ಕಳ್ಳ ತನ್ನ ಕಾರಿನ ಸಂಖ್ಯೆಯ ಫಲಕವನ್ನು ಕ್ಯಾರವಾನಿಗೆ ತಗುಲಿಸಿದರೆ ರಸ್ತೆಯಲ್ಲಿ ನಿಂತ ಪೊಲೀಸರ ಕಣ್ಣಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ!

ಸಂತೆಯ ಹಳೆಯ ಕಟ್ಟಳೆ

ಕಳುವಾದ ಗಾಡಿ ಕೊನೆಗೆ ಸೇರುವುದು ಅಗ್ಗದ ಗಾಡಿ ಹುಡುಕುತ್ತಿರುವ ಇನ್ನೊಂದು ಸಾಮಾನ್ಯ ಕುಟುಂಬವನ್ನೇ. ಇಲ್ಲಿ ಇಂಗ್ಲೆಂಡಿನ ವಿಚಿತ್ರ ಕಟ್ಟಳೆಯೊಂದನ್ನು ನೆನೆಯಬೇಕು. ರೂಢಿಯಿಂದ ನಡೆದುಬಂದ ಬಹಿರಂಗ ಸಂತೆಯಲ್ಲಿ, ಸೂರ್ಯೋದಯದಿಂದ ಸೂರ್ಯಾಸ್ತದೊಳಗೆ, ಒಳ್ಳೆಯ ನಂಬಿಕೆಯಿಂದ ಕೊಂಡವನಿಗೆ ವಸ್ತು ಕಳವಿನದ್ದಾದರೂ ದಕ್ಕುತ್ತಿತ್ತು. ತನ್ನ ವಸ್ತು ಕಳೆದುಹೋದರೆ ಮಾಲೀಕ ಸಂತೆಗೆ ಬಂದು ಹುಡುಕಿಯಾನು ಎಂಬ ಮಧ್ಯಯುಗದ ತರ್ಕ ಅದು. ವಾಹನಗಳು ಒಂದೇ ರಾತ್ರಿಯಲ್ಲಿ ನೂರಾರು ಮೈಲಿ ದಾಟುವ ಕಾಲದಲ್ಲಿ ಆ ತರ್ಕಕ್ಕೆ ಅರ್ಥ ಉಳಿಯಲಿಲ್ಲ. 1995ರ ಜನವರಿಯಿಂದ ಕಟ್ಟಳೆ ರದ್ದಾಯಿತು. ಕದ್ದ ಮಾಲನ್ನು ತಿಳಿಯದೆ ಕೊಂಡವನು ವಸ್ತುವನ್ನೂ ಕಳೆದುಕೊಳ್ಳಬೇಕು. ಕೊಟ್ಟ ಹಣಕ್ಕೆ ಮಾರಿದವನನ್ನು ಹುಡುಕಿಕೊಂಡು ಹೋಗಬೇಕು.

ಗಾಜಿನ ಮೇಲೆ ಗುರುತು

ಸರ್ಕಾರ ಕೊಡದ ಸಂಖ್ಯೆಯನ್ನು ಕೊನೆಗೆ ಉದ್ಯಮವೇ ಕೊಟ್ಟಿತು. 1992ರಲ್ಲಿ ಬ್ರಿಟನ್ನಿನ ಕ್ಯಾರವಾನ್ ತಯಾರಕರ ರಾಷ್ಟ್ರೀಯ ಮಂಡಳಿ ‘ಕ್ರಿಸ್’ ಎಂಬ ನೋಂದಣಿ ವ್ಯವಸ್ಥೆ ಆರಂಭಿಸಿತು. ಮಂಡಳಿಯ ಸದಸ್ಯರು ತಯಾರಿಸುವ ಪ್ರತಿ ಗಾಡಿಗೂ ಅಕ್ಷರ, ಅಂಕಿ ಸೇರಿ 17ರ ಗುರುತು. ಅದನ್ನು ಚಾಸಿಯ ಮೇಲೆ ಒತ್ತುವುದಲ್ಲದೆ ಕಿಟಕಿಗಳ ಮೇಲೂ ಕೆತ್ತಲಾಯಿತು. ಚಾಸಿಯ ಮೇಲಿನ ಸಂಖ್ಯೆಯನ್ನು ಉಜ್ಜಿ ಅಳಿಸಬಹುದು. ಎಲ್ಲ ಕಿಟಕಿಗಳನ್ನೂ ಬದಲಿಸಲು ಹೊರಟರೆ ಕಳ್ಳನಿಗೆ ಲಾಭ ಗಿಟ್ಟುವುದಿಲ್ಲ. ಮುಂದೆ ಗಾಡಿಯ ಮೈಯೊಳಗೆ ಎಲೆಕ್ಟ್ರಾನಿಕ್ ಚಿಪ್ ಕೂಡ ಸೇರಿತು.

ಹಳೆಯ ಪುಟ್ಟ ಕ್ಯಾರವಾನ್ ಕೊಳ್ಳುವವರು ನೋಡಬೇಕಾದುದೂ ಇದನ್ನೇ. ಚಾಸಿಯ ಸಂಖ್ಯೆಯೂ ಕಿಟಕಿಯ ಸಂಖ್ಯೆಯೂ ಒಂದೇ ಇರಬೇಕು. ಗಾಡಿಯನ್ನು ಮಾರುವವನ ಮನೆಯಲ್ಲೇ ನೋಡಬೇಕು; ಹೆದ್ದಾರಿ ಬದಿಯ ಹೋಟೆಲಿನ ಅಂಗಳಕ್ಕೆ ತರುತ್ತೇನೆ ಎಂದರೆ ಅನುಮಾನಿಸಬೇಕು. ಬೆಲೆ ತೀರಾ ಕಡಿಮೆ ಇದ್ದರೆ ಕಾರಣ ಎರಡೇ: ಒಂದೋ ಗೋಡೆಯೊಳಗೆ ನೀರಿಳಿದು ಮರ ಕೊಳೆತಿದೆ, ಇಲ್ಲವೇ ಗಾಡಿ ಅವನದಲ್ಲ. ಮೊದಲನೆಯದನ್ನು ತೇವ ಅಳೆಯುವ ಮೀಟರು ತೋರಿಸುತ್ತದೆ, ಎರಡನೆಯದನ್ನು ಆ 17ರ ಗುರುತು.

ಕೊಂಡ ಮೇಲೆ ಕಾಯುವ ಪಾಳಿ. ವರ್ಷದಲ್ಲಿ ಕೆಲವು ವಾರ ಮಾತ್ರ ಓಡುವ ಗಾಡಿ ಉಳಿದೆಲ್ಲ ದಿನ ನಿಂತೇ ಇರುತ್ತದೆ; ಅಪಾಯ ಇರುವುದು ನಿಂತಾಗಲೇ. ಕೊಂಡಿಗೊಂದು ಬೀಗ, ಗಾಲಿಗೊಂದು ಉಕ್ಕಿನ ಪಟ್ಟು ಇರಲೇಬೇಕೆಂದು ಅನೇಕ ವಿಮಾ ಕಂಪನಿಗಳು ಷರತ್ತು ಹಾಕುತ್ತವೆ. ಚಾವಣಿಯ ಮೇಲೆ ದೊಡ್ಡದಾಗಿ ಸಂಖ್ಯೆ ಬರೆಸುವವರಿದ್ದಾರೆ, ಪೊಲೀಸ್ ಹೆಲಿಕಾಪ್ಟರಿಗೆ ಕಾಣಲೆಂದು. ಯಾವ ಬೀಗವೂ ಮುರಿಯದ್ದಲ್ಲ. ಆದರೆ ಕಳ್ಳನಿಗೆ ಬೇಕಿರುವುದು ಸಮಯ. ಐದು ನಿಮಿಷದ ಕೆಲಸ ಅರ್ಧ ಗಂಟೆಯಾಗಿ, ಜೊತೆಗೆ ಸದ್ದೂ ಆಗುವಂತಿದ್ದರೆ ಅವನು ಬೇರೆ ಗಾಡಿ ನೋಡುತ್ತಾನೆ.

ಇದೆಲ್ಲ ಬ್ರಿಟನ್ನಿನ ಮಾತಾಯಿತು, ನಮಗೇನು ಎನ್ನುವ ಹಾಗಿಲ್ಲ. ನಮ್ಮ 1930ರ ಸರಕು ಮಾರಾಟ ಕಾಯಿದೆ ಇಂಗ್ಲೆಂಡಿನ ಕಾಯಿದೆಯ ಮಾದರಿಯಲ್ಲೇ ರೂಪುಗೊಂಡದ್ದು. ಮಾರುವವನಿಗೆ ಇಲ್ಲದ ಹಕ್ಕು ಕೊಳ್ಳುವವನಿಗೆ ಬಾರದು ಎಂಬುದು ಅದರ 27ನೇ ಕಲಮಿನ ಮೂಲ ತತ್ವ. ಸಂತೆಯ ಆ ಹಳೆಯ ವಿನಾಯಿತಿಯನ್ನು ಅದು ಒಳಗೆ ಬಿಟ್ಟುಕೊಳ್ಳಲಿಲ್ಲ. ಹಳೆಯ ಸ್ಕೂಟರ್ ಕೊಳ್ಳುವಾಗ ಬಣ್ಣ ನೋಡಿ, ಒಂದು ಸುತ್ತು ಓಡಿಸಿ ಹಣ ಎಣಿಸುವವರು ನಮ್ಮಲ್ಲಿ ಅನೇಕರು. ಬಗ್ಗಿ ಚಾಸಿ ಸಂಖ್ಯೆಯನ್ನು ನೋಂದಣಿ ಪತ್ರದೊಡನೆ ಹೋಲಿಸಿ ನೋಡುವುದಕ್ಕೆ ಹಿಡಿಯುವುದು ಎರಡು ನಿಮಿಷ. ಅದನ್ನು ಮಾಡದಿದ್ದರೆ ಗಾಡಿ ಎಷ್ಟೇ ಅಗ್ಗವಾದರೂ ದುಬಾರಿಯೇ.