ಜಮಖಾನದ ನಡುವಿನ ಎಲೆ: ಮಂದದೃಷ್ಟಿಯವರ ಇಸ್ಪೀಟು ಮತ್ತು ಗಂಜೀಫದ ಬಣ್ಣ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಹಿರಿಯರು ಇಸ್ಪೀಟಿಗೆ ಕೂತಾಗ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ‘ಯಾವ ಎಲೆ ಬಿತ್ತು? ಆಟೀನೋ, ಡೈಮನ್ನೋ?’ ಕೈಯಲ್ಲಿರುವ ಎಲೆಯನ್ನು ಕಣ್ಣಿನ ಹತ್ತಿರ ತಂದು ಗುರುತಿಸಿಕೊಳ್ಳುವವರಿಗೂ ಜಮಖಾನದ ನಡುವೆ ಬಿದ್ದ ಎಲೆ ಕಾಣುವುದಿಲ್ಲ. ಮಂದದೃಷ್ಟಿಯವರ ಎಲೆಗಳ ಇತಿಹಾಸವನ್ನು ಈ ಪ್ರಶ್ನೆಯಿಂದಲೇ ಓದಬೇಕು ಎಂಬುದು ಈ ಲೇಖನದ ವಾದ. ಹಾಗೆ ಓದಿದಾಗ ನಮ್ಮ ಹಳೆಯ ಚಿತ್ರದೆಲೆಗಳ ಆಟವಾದ ಗಂಜೀಫಕ್ಕೂ ಅದರಲ್ಲಿ ಜಾಗ ಸಿಗುತ್ತದೆ.

ಗಂಜೀಫದ ಹಿನ್ನೆಲೆ

ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ‘ಶ್ರೀತತ್ತ್ವನಿಧಿ’ಯ ಕೌತುಕನಿಧಿ ಭಾಗದಲ್ಲಿ 13 ಬಗೆಯ ಛದದ ಆಟಗಳ ವಿವರಣೆಯಿದೆ. ಛದವೆಂದರೆ ಎಲೆ, ಇಂದಿಗೂ ನಾವು ‘ಇಸ್ಪೀಟೆಲೆ’ ಎನ್ನುತ್ತೇವೆ. ಚಾಮುಂಡೇಶ್ವರಿ ಛದವೊಂದರಲ್ಲೇ 320 ಎಲೆಗಳು. ಹೆಚ್ಚು ಬಳಕೆಯಲ್ಲಿದ್ದ ದಶಾವತಾರ ಗಂಜೀಫದಲ್ಲಿ 10 ಗುಂಪು, ಒಂದೊಂದಕ್ಕೆ ರಾಜ, ಮಂತ್ರಿ ಮತ್ತು 1ರಿಂದ 10ರವರೆಗಿನ ಎಲೆಗಳು, ಒಟ್ಟು 120. ಹಗಲಿನ ಆಟವನ್ನು ರಾಮನ ಗುಂಪಿನಿಂದ, ಇರುಳಿನ ಆಟವನ್ನು ಕೃಷ್ಣನ ಗುಂಪಿನಿಂದ ಆರಂಭಿಸುವ ಪದ್ಧತಿಯಿತ್ತು.

ಗಂಜೀಫದ ಎಲೆಯಲ್ಲಿ ಬರೆದ ಮತ್ಸ್ಯ, ಕೂರ್ಮಗಳ ಕುಸುರಿ ನೋಡಲು ಚುರುಕು ಕಣ್ಣು ಬೇಕು. ಗುಂಪು ಗುರುತಿಸಲು ಅದು ಬೇಡ: ಆಯಾ ಅವತಾರಕ್ಕೆ ಆಯಾ ಹಿನ್ನೆಲೆಯ ಬಣ್ಣ. ಎಲೆಯ ಮೈಯೆಲ್ಲ ಒಂದೇ ಬಣ್ಣ ಹರಡಿರುವುದರಿಂದ, ಗೆರೆಗಳು ಮಸುಕಾದರೂ ಗುಂಪು ತಿಳಿಯುತ್ತದೆ.

ಎರಡು ಬಣ್ಣ, ಒಂದು ಮೂಲೆ

ನಾವು ಇಂದು ಆಡುವ ಎಲೆಗಳ ಗುರುತುಗಳು 15ನೇ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡವು. ಕತ್ತರಿಸಿದ ಅಚ್ಚಿನ ಮೇಲೆ ಬಣ್ಣ ಬಳಿದು ಅಗ್ಗವಾಗಿ ತಯಾರಿಸಲು ಸರಳ ಆಕಾರ, ಕೆಂಪು–ಕಪ್ಪು ಎಂಬ ಎರಡೇ ಬಣ್ಣ ಅನುಕೂಲವಾದವು. ಆಟೀನು–ಡೈಮನ್, ಇಸ್ಪೀಟು–ಕಳಾವರಗಳ ನಡುವಿನ ವ್ಯತ್ಯಾಸವೆಲ್ಲ ಆಕಾರದಲ್ಲೇ ಉಳಿಯಿತು. 1870ರ ದಶಕದಲ್ಲಿ ಅಮೆರಿಕದ ತಯಾರಕರು ಎಲೆಯ ಮೂಲೆಗೆ ಅಂಕಿ ಮತ್ತು ಗುರುತು ತಂದರು. ‘ಸ್ಕ್ವೀಝರ್ಸ್’ ಎಂದು ಹೆಸರಾದ ಆ ಎಲೆಗಳನ್ನು ಬೀಸಣಿಗೆಯಂತೆ ಒತ್ತಾಗಿ ಹಿಡಿದು ಮೂಲೆಯಷ್ಟನ್ನೇ ನೋಡಬಹುದಿತ್ತು. ಮೂಲೆಯ ಅಂಕಿ ಹುಟ್ಟಿದ್ದು ಕೈಗಾಗಿ; ಜಮಖಾನದ ನಡುವಿಗಾಗಿ ಅಲ್ಲ.

ಅಳತೆಯ ಸಾಕ್ಷ್ಯ

ಕಣ್ಣಿನ ಪರೀಕ್ಷೆಯ ಅಕ್ಷರಪಟವನ್ನು ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ. ಚಾಮರಾಜಪೇಟೆಯಲ್ಲಿ 1913ರಿಂದ ಇರುವ ಮಿಂಟೋ ಕಣ್ಣಾಸ್ಪತ್ರೆಯ ಕಟ್ಟಡಕ್ಕೆ ಕಾಲಿಟ್ಟ ತಲೆಮಾರುಗಳಿಗೆ ಈ ಬಗೆಯ ಪಟ ಚಿರಪರಿಚಿತ. 6/60 ದೃಷ್ಟಿಯವರಿಗೆ, ಅಂದರೆ ಸಾಮಾನ್ಯ ಕಣ್ಣು 60 ಮೀಟರ್‌ನಿಂದ ಓದುವುದನ್ನು 6 ಮೀಟರ್‌ನಿಂದಷ್ಟೇ ಓದಬಲ್ಲವರಿಗೆ, 6 ಮೀಟರ್ ದೂರದಲ್ಲಿ ಸುಮಾರು 87 ಮಿ.ಮೀ. ಎತ್ತರದ ಅಕ್ಷರ ಬೇಕು. ಅದೇ ಲೆಕ್ಕದಲ್ಲಿ 40 ಸೆಂ.ಮೀ. ದೂರದ ಕೈ ಎಲೆಯಲ್ಲಿ ಸುಮಾರು 6 ಮಿ.ಮೀ. ಅಂಕಿ ಸಾಕು, ಒಂದು ಮೀಟರ್ ಆಚೆ ಬಿದ್ದ ಎಲೆಯಲ್ಲಿ 14.5 ಮಿ.ಮೀ. ಬೇಕು. ಇದು ಕನಿಷ್ಠ ಅಳತೆ. ಆಯಾಸವಿಲ್ಲದೆ ಓದಲು ಇನ್ನೂ ದೊಡ್ಡದಾಗಬೇಕು. ಹಿರಿಯರ ಆ ಪ್ರಶ್ನೆಗೆ ಈ ಲೆಕ್ಕದಲ್ಲೇ ಉತ್ತರವಿದೆ.

ಮೂರು ಪರಿಹಾರ

ದೊಡ್ಡ ಅಂಕಿಯ ಎಲೆಗಳು 63 × 88 ಮಿ.ಮೀ.ನ ಅದೇ ಎಲೆಯಲ್ಲಿ ಚಿತ್ರವನ್ನು ಕುಗ್ಗಿಸಿ ಅಂಕಿಯನ್ನು ಹಿಗ್ಗಿಸಿದವು. ನಾಲ್ಕು ಬಣ್ಣದ ಎಲೆಗಳು ಸಾಮಾನ್ಯವಾಗಿ ಡೈಮನ್‌ಗೆ ನೀಲಿ, ಕಳಾವರಕ್ಕೆ ಹಸಿರು ಕೊಟ್ಟವು. ಆದರೆ ಪೊರೆ ಬೆಳೆದು ಹಳದಿಯಾದ ಕಣ್ಣಿನ ಮಸೂರ ನೀಲಿ ಬೆಳಕನ್ನು ತಡೆಯುತ್ತದೆ. ಗಾಢ ನೀಲಿ ಕಪ್ಪಿನಂತೆಯೇ ಕಾಣುತ್ತದೆ. ಬಣ್ಣವನ್ನು ಗುರುತಿಗಷ್ಟೇ ಬಳಿದರೆ ಸಾಲದು.

ಬ್ರೈಲ್ ಎಲೆಗಳು ಮೂರನೆಯ ದಾರಿ. ಲೂಯಿ ಬ್ರೈಲ್ ತನ್ನ ಲಿಪಿಯನ್ನು ಪ್ರಕಟಿಸಿದ್ದು 1829ರಲ್ಲಿ. ಮೈಸೂರಿನಲ್ಲಿ ಕಿವುಡರ ಮತ್ತು ಅಂಧರ ಶಾಲೆ 1901ರಲ್ಲಿ ಆರಂಭವಾಯಿತು. 1951ರಲ್ಲಿ ಭಾರತಿ ಬ್ರೈಲ್ ಒಪ್ಪಿತವಾಗಿ ಕನ್ನಡಕ್ಕೂ ಏಕರೂಪದ ಬ್ರೈಲ್ ಸಿಕ್ಕಿತು. ಬ್ರೈಲ್ ಎಲೆಯ ಮೂಲೆಯಲ್ಲಿ ಸಂಖ್ಯೆಗೊಂದು, ಗುರುತಿಗೊಂದು ಚುಕ್ಕಿಗುಂಪು ಉಬ್ಬಿರುತ್ತದೆ. ಹೆಬ್ಬೆರಳು ಸವರಿದರೆ ಸಾಕು. ಕೈಗೆ ಎಟುಕದ ಎಲೆಗೆ ಮಾತ್ರ ಇಲ್ಲಿಯೂ ಒಂದೇ ಉಪಾಯ: ಎಲೆ ಇಳಿಸುವವರು ‘ಆಟೀನು ರಾಣಿ’ ಎಂದು ಹೇಳಿಯೇ ಇಳಿಸಬೇಕು.

ಸಮಾರೋಪ

ಮೂರೂ ಪರಿಹಾರಗಳು ಕೈಯನ್ನು ಗೆದ್ದಿವೆ, ನಡುವನ್ನು ಅರ್ಧವಷ್ಟೇ ಗೆದ್ದಿವೆ. ಗಂಜೀಫದಂತೆ ಇಡೀ ಎಲೆಗೆ ಹಿನ್ನೆಲೆ ಬಣ್ಣ ಕೊಟ್ಟು, ತಿಳಿ–ಗಾಢಗಳ ಅಂತರವನ್ನು ಎಚ್ಚರದಿಂದ ಆರಿಸಿ, ಅದರ ಮೇಲೆ ಬೆರಳುದ್ದದ ಅಂಕಿ ಬರೆದರೆ ಗುಂಪನ್ನು ಬಣ್ಣವೂ ಬೆಲೆಯನ್ನು ಅಂಕಿಯೂ ದೂರದಿಂದಲೇ ಹೇಳುತ್ತವೆ. ರಘುಪತಿ ಭಟ್ಟರಂಥ ಕಲಾವಿದರು ಗಂಜೀಫದ ಕುಂಚಕ್ಕೆ ಮರುಜೀವ ಕೊಟ್ಟಿದ್ದಾರೆ. ಅದರ ಬಣ್ಣದ ವಿವೇಕವನ್ನು ಆಟಕ್ಕೆ ಮರಳಿಸುವ ಕೆಲಸ ಬಾಕಿಯಿದೆ. ಅಲ್ಲಿಯವರೆಗೆ ಎಲೆ ಇಳಿಸುವಾಗ ಅದರ ಹೆಸರು ಹೇಳೋಣ. ಕಣ್ಣು ಮಂಜಾಯಿತೆಂದು ಯಾರೂ ಜಮಖಾನದಿಂದ ಎದ್ದುಹೋಗುವಂತಾಗಬಾರದು.