ಔಷಧದ ಅಂಗಡಿ: ಬೆಲೆ ಸೀಸೆಗೋ, ಸಲಹೆಗೋ?

ಗಂಟಲು ಕೆರೆತ, ನೆಗಡಿ, ಮೈಕೈ ನೋವು ಬಂದಾಗ ನೀವು ಮೊದಲು ಎಲ್ಲಿಗೆ ಹೋಗುತ್ತೀರಿ? ನಮ್ಮಲ್ಲಿ ಅನೇಕರು ಮನೆಯ ಹತ್ತಿರದ ಮೆಡಿಕಲ್ ಷಾಪಿಗೆ ಹೋಗಿ ‘ಏನಾದರೂ ಒಂದು ಮಾತ್ರೆ ಕೊಡಿ’ ಎನ್ನುತ್ತಾರೆ. ಅಲ್ಲಿ ಕಾಯುವ ಕೆಲಸವಿಲ್ಲ, ಸಲಹೆಗೆ ಶುಲ್ಕವೂ ಇಲ್ಲ. ಆದರೆ ಈ ಸಲಹೆ ನಿಜವಾಗಿಯೂ ಉಚಿತವೇ? ಇಂಗ್ಲೆಂಡಿನ ನಾಲ್ಕು ಶತಮಾನಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಸ್ವಾರಸ್ಯಕರವಾದ ಉತ್ತರವಿದೆ.

ಕಟುಕನ ದೂರು

ಲಂಡನ್ನಿನಲ್ಲಿ ಔಷಧ ತಯಾರಿಸಿ ಮಾರುವವರನ್ನು ಅಪಾಥಿಕರಿಗಳೆಂದು ಕರೆಯುತ್ತಿದ್ದರು. ಮೊದಲು ಅವರು ಸಂಬಾರ ಪದಾರ್ಥಗಳ ವರ್ತಕರ ಸಂಘಕ್ಕೇ ಸೇರಿದ್ದರು. ನಮ್ಮ ಗ್ರಂಧಿಗೆ ಅಂಗಡಿಯವರನ್ನು ನೆನೆದರೆ ಇದರಲ್ಲಿ ಆಶ್ಚರ್ಯವೇನೂ ಕಾಣದು. 1617ರಲ್ಲಿ ದೊರೆ ಒಂದನೆಯ ಜೇಮ್ಸ್ ಅವರಿಗೆ ಪ್ರತ್ಯೇಕ ಸಂಘದ ಸನ್ನದು ನೀಡಿದ. ರೋಗ ಪರೀಕ್ಷಿಸಿ ಔಷಧ ಸೂಚಿಸುವ ಹಕ್ಕು ಮಾತ್ರ ವೈದ್ಯರದೇ ಆಗಿತ್ತು.

1665ರಲ್ಲಿ ಲಂಡನ್ನಿಗೆ ಪ್ಲೇಗ್ ಬಂದಾಗ ಅನೇಕ ವೈದ್ಯರು ಊರು ಬಿಟ್ಟರು. ವಿಲಿಯಂ ಬಾಗ್‌ಹರ್ಸ್ಟ್‌ನಂತಹ ಅಪಾಥಿಕರಿಗಳು ಅಲ್ಲೇ ಉಳಿದು ರೋಗಿಗಳನ್ನು ನೋಡಿಕೊಂಡರು. ಕಷ್ಟಕಾಲದಲ್ಲಿ ಕೈಗೆ ಸಿಕ್ಕವನ ಮೇಲೆ ಜನ ನಂಬಿಕೆ ಇಡುವುದು ಸಹಜವಷ್ಟೆ.

ಈ ನಂಬಿಕೆ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. ಜಾನ್ ಸೀಲ್ ಎಂಬ ಕಟುಕನಿಗೆ ವಿಲಿಯಂ ರೋಸ್ ಎಂಬ ಅಪಾಥಿಕರಿ ಚಿಕಿತ್ಸೆ ನೀಡಿದ. ರೋಗ ಗುಣವಾಗಲಿಲ್ಲ, ಔಷಧದ ಲೆಕ್ಕ ಮಾತ್ರ ಸುಮಾರು 50 ಪೌಂಡಿಗೆ ಏರಿತು. ಸೀಲ್ ವೈದ್ಯರ ಕಾಲೇಜಿಗೆ ದೂರಿತ್ತ. ಕಾಲೇಜು ಹೂಡಿದ ಮೊಕದ್ದಮೆಯಲ್ಲಿ ರೋಸ್ ಮೊದಲು ಸೋತರೂ, 1704ರಲ್ಲಿ ಲಾರ್ಡ್ಸ್ ಸಭೆ ತೀರ್ಪನ್ನು ಅವನ ಪರವಾಗಿ ತಿರುಗಿಸಿತು. ಅಪಾಥಿಕರಿಗಳಿಗೆ ಚಿಕಿತ್ಸೆ ನೀಡುವ ದಾರಿ ತೆರೆಯಿತು. ಆದರೆ ಒಂದು ಕಟ್ಟು ಉಳಿಯಿತು: ಅವರು ಔಷಧದ ಬೆಲೆ ಪಡೆಯಬಹುದು, ಸಲಹೆಗೆ ಹಣ ಕೇಳುವಂತಿಲ್ಲ.

ಇದರ ಪರಿಣಾಮವನ್ನು ನೀವೇ ಊಹಿಸಬಹುದು. ಸೀಸೆಯಿಂದಲೇ ಆದಾಯ ಬರುವುದಾದರೆ ಸೀಸೆಗಳ ಸಂಖ್ಯೆ ಹೆಚ್ಚುತ್ತದೆ. ‘ನಿಮಗೆ ಔಷಧವೇ ಬೇಡ, ವಿಶ್ರಾಂತಿ ಸಾಕು’ ಎಂಬ ಪ್ರಾಮಾಣಿಕ ಸಲಹೆ ಕೊಟ್ಟವನಿಗೆ ದಕ್ಕುವುದು ಸೊನ್ನೆ. ದೋಷವಿದ್ದುದು ವ್ಯಕ್ತಿಯಲ್ಲಿ ಎನ್ನುವುದಕ್ಕಿಂತ ಲೆಕ್ಕದ ಕ್ರಮದಲ್ಲಿ.

ಅಂಗಡಿಯಿಂದ ಸಮಾಲೋಚನೆಯ ಕೋಣೆಗೆ

1815ರ ಕಾಯಿದೆಯ ನಂತರ ಅಪಾಥಿಕರಿಗಳು ಪರೀಕ್ಷೆ, ಪರವಾನಗಿಗಳ ಮೂಲಕ ಕ್ರಮೇಣ ಸಾಮಾನ್ಯ ವೈದ್ಯರಾದರು. ಅವರು ತೆರವು ಮಾಡಿದ ಅಂಗಡಿಗಳಲ್ಲಿ ಕೆಮಿಸ್ಟರು ಕುಳಿತರು. 1841ರಲ್ಲಿ ಅವರದೇ ಸಂಘ ಹುಟ್ಟಿತು. 1911ರ ರಾಷ್ಟ್ರೀಯ ವಿಮಾ ಕಾಯಿದೆ, ವಿಮೆಯ ರೋಗಿಗಳಿಗೆ ಔಷಧ ವಿತರಿಸುವ ಕೆಲಸವನ್ನು ಬಹುಮಟ್ಟಿಗೆ ವೈದ್ಯರಿಂದ ಕೆಮಿಸ್ಟರಿಗೆ ವರ್ಗಾಯಿಸಿತು.

2005ರ ಹೊಸ ಒಪ್ಪಂದದಲ್ಲಿ ರೋಗಿ ಸೇವಿಸುವ ಔಷಧಗಳನ್ನು ಫಾರ್ಮಸಿಸ್ಟ್ ಪರಿಶೀಲಿಸುವ ಸೇವೆ ಸೇರಿತು. ಅದಕ್ಕೆ ಅಂಗಡಿಯಲ್ಲಿ ಪ್ರತ್ಯೇಕ ಸ್ಥಳವೂ ಬೇಕೆಂದಾಯಿತು. 2015ರಿಂದ ಫ್ಲೂ ಲಸಿಕೆ, 2021ರಿಂದ ನಲವತ್ತು ದಾಟಿದವರಿಗೆ ರಕ್ತದೊತ್ತಡದ ತಪಾಸಣೆ ರಾಷ್ಟ್ರಮಟ್ಟದಲ್ಲಿ ಬಂದವು.

ಜನ ಇದನ್ನು ಹೇಗೆ ಸ್ವೀಕರಿಸಿದರು? ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ‘ಬಿಎಂಸಿ ಪಬ್ಲಿಕ್ ಹೆಲ್ತ್’ ಪತ್ರಿಕೆ ಪ್ರಕಟಿಸಿದ ಸಮೀಕ್ಷೆ ಗಮನಾರ್ಹ. ಔಷಧದ ಅಂಗಡಿಯಲ್ಲಿ ಇಂತಹ ಸೇವೆ ದೊರೆಯುತ್ತದೆಂದು ಜನ ನಿರೀಕ್ಷಿಸಿರಲಿಲ್ಲ. ಫಾರ್ಮಸಿಸ್ಟರ ಸಾಮರ್ಥ್ಯದ ಬಗ್ಗೆ ಮಿಶ್ರ ಅಭಿಪ್ರಾಯವಿತ್ತು. ತಮ್ಮ ಮಾತು ಪಕ್ಕದವರಿಗೆ ಕೇಳಿಸೀತೆಂಬ ಅಳುಕೂ ಇತ್ತು. ಆದರೆ ಸೇವೆ ಪಡೆದವರಲ್ಲಿ ಹೆಚ್ಚಿನವರು ತೃಪ್ತರಾಗಿದ್ದರು. ಅಂದರೆ ಅಪನಂಬಿಕೆಯ ಒಂದು ಭಾಗ ಅನುಭವದಿಂದ ಕರಗುತ್ತದೆ, ಇನ್ನೊಂದು ಭಾಗಕ್ಕೆ ಬಾಗಿಲು ಮುಚ್ಚುವ ಕೋಣೆಯೇ ಬೇಕು.

2024ರ ಜನವರಿ 31ರಂದು ‘ಫಾರ್ಮಸಿ ಫಸ್ಟ್’ ಯೋಜನೆ ಆರಂಭವಾಯಿತು. ಗಂಟಲುನೋವು, ಕಿವಿನೋವು, ಸೈನಸ್ ಸೋಂಕು, ಸರ್ಪಸುತ್ತು, ಕೀಟ ಕಡಿತದಿಂದಾದ ಸೋಂಕು, ಇಂಪೆಟೈಗೊ ಎಂಬ ಚರ್ಮರೋಗ, ಮಹಿಳೆಯರ ಸರಳ ಮೂತ್ರಸೋಂಕು ಎಂಬ ಏಳು ತೊಂದರೆಗಳಿಗೆ ವೈದ್ಯರ ಚೀಟಿ ಇಲ್ಲದೆ ಫಾರ್ಮಸಿಸ್ಟರೇ ಚಿಕಿತ್ಸೆ ನೀಡಬಹುದು. ಆದರೆ ವಯಸ್ಸು, ಲಕ್ಷಣ, ಕೊಡಬೇಕಾದ ಔಷಧ ಎಲ್ಲವೂ ಲಿಖಿತ ನಿಯಮಕ್ಕೆ ಒಳಪಟ್ಟಿವೆ.

ಇಲ್ಲಿನ ಮುಖ್ಯ ಬದಲಾವಣೆ ಲೆಕ್ಕದಲ್ಲಿದೆ. ನಿಗದಿತ ಲಕ್ಷಣಗಳಿದ್ದು ಸಮಾಲೋಚನೆ ನಡೆದರೆ, ಔಷಧ ಕೊಟ್ಟರೂ ಕೊಡದಿದ್ದರೂ ಅಂಗಡಿಗೆ ಸರ್ಕಾರ ಶುಲ್ಕ ನೀಡುತ್ತದೆ. ಆರಂಭದಲ್ಲಿ ಇದು 15 ಪೌಂಡ್ ಇತ್ತು. 1704ರಲ್ಲಿ ಸೀಸೆಗೆ ಬೆಲೆ, ಸಲಹೆಗೆ ಇಲ್ಲ. 2024ರಲ್ಲಿ ಸಲಹೆಗೂ ಬೆಲೆ ಬಂತು. ‘ಆಂಟಿಬಯಾಟಿಕ್ ಬೇಡ’ ಎನ್ನುವ ಫಾರ್ಮಸಿಸ್ಟ್ ಈಗ ನಷ್ಟಪಡಬೇಕಿಲ್ಲ. ಔಷಧಗಳಿಗೆ ಜಗ್ಗದ ಬ್ಯಾಕ್ಟೀರಿಯಗಳು ಹೆಚ್ಚುತ್ತಿರುವ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ.

ನಮ್ಮ ಕೌಂಟರಿನಲ್ಲಿ

ನಮ್ಮಲ್ಲಿ 1948ರ ಫಾರ್ಮಸಿ ಕಾಯಿದೆ ನೋಂದಾಯಿತ ಫಾರ್ಮಸಿಸ್ಟರ ವ್ಯವಸ್ಥೆ ತಂದಿತು. 2014ರ ಮಾರ್ಚಿನಿಂದ ಜಾರಿಯಲ್ಲಿರುವ ಎಚ್1 ಅನುಸೂಚಿಯಂತೆ, ಕೆಲವು ಆಂಟಿಬಯಾಟಿಕ್‌ಗಳ ಮಾರಾಟದ ವಿವರವನ್ನು ಬರೆದು ಮೂರು ವರ್ಷ ಕಾಪಾಡಬೇಕು. ರೋಗಿಗೆ ಔಷಧದ ಬಗ್ಗೆ ತಿಳಿವಳಿಕೆ ನೀಡುವುದನ್ನು 2015ರ ನಿಯಮಾವಳಿ ಫಾರ್ಮಸಿಸ್ಟರ ಕರ್ತವ್ಯಗಳಲ್ಲಿ ಸೇರಿಸಿದೆ. ಆದರೆ ಆ ತಿಳಿವಳಿಕೆಗೆ ತಗಲುವ ಹತ್ತು ನಿಮಿಷಕ್ಕೆ ಬೆಲೆ ಕಟ್ಟಿಕೊಡುವವರು ಯಾರು? ಇಲ್ಲಿ ನಾವಿನ್ನೂ ಸೀಸೆಯ ಲೆಕ್ಕದಲ್ಲೇ ಇದ್ದೇವೆ.

ಮುಂದಿನ ಬಾರಿ ಮೆಡಿಕಲ್ ಷಾಪಿಗೆ ಹೋದಾಗ ‘ಏನಾದರೂ ಕೊಡಿ’ ಎನ್ನುವ ಬದಲು, ‘ಇದು ಯಾತಕ್ಕೆ? ಎಷ್ಟು ದಿನ? ವೈದ್ಯರಿಗೆ ತೋರಿಸಬೇಕೇ?’ ಎಂದು ಕೇಳಿ ನೋಡಿ. ಸಲಹೆಗೆ ಬೆಲೆಯಿದೆ ಎಂದು ಗ್ರಾಹಕರು ತಿಳಿದಾಗಲೇ ಅದನ್ನು ಸರಿಯಾಗಿ ಕೊಡುವ ವ್ಯವಸ್ಥೆಗೂ ಒತ್ತಾಯ ಬರುತ್ತದೆ.