ಗೊಂಬೆಯ ಕಣ್ಣಿನ ಕತೆ

ಗೊಂಬೆ ಮಾಡುವವರಿಗೆ ಕೈಕಾಲುಗಳೂ ಮೈಕಟ್ಟೂ ಅಷ್ಟು ಕಷ್ಟವಲ್ಲ, ಕಷ್ಟವೆಲ್ಲ ಕಣ್ಣಿನದು. ಮೂಗು ಬಾಯಿಗಳೆಲ್ಲ ಲಕ್ಷಣವಾಗಿದ್ದೂ ಕಣ್ಣೊಂದು ಮಂಕಾಗಿದ್ದರೆ ಆ ಮುಖಕ್ಕೆ ಕಳೆಯೇ ಇರದು. ಕಣ್ಣು ಸರಿಯಾಗಿ ಕೂತಿತೋ, ಗೊಂಬೆ ನಮ್ಮನ್ನು ನೋಡುತ್ತಿದೆಯೆಂಬ ಭ್ರಮೆ ದೊಡ್ಡವರಿಗೂ ಹುಟ್ಟುತ್ತದೆ. ಈಚಿನ ವರ್ಷಗಳಲ್ಲಿ ಅಮೆರಿಕ, ಜಪಾನ್ ಮೊದಲಾದ ದೇಶಗಳ ವಯಸ್ಕರಲ್ಲಿ ಒಂದು ಹವ್ಯಾಸ ಬೆಳೆದಿದೆ. ಬೆಲೆ ಕೊಟ್ಟು ತಂದ ಗೊಂಬೆಯ ತಲೆಯನ್ನು ಬಿಚ್ಚಿ, ಕಾರ್ಖಾನೆ ಇಟ್ಟ ಕಣ್ಣನ್ನು ಕಿತ್ತು, ತಮಗೆ ಒಪ್ಪುವ ಕಣ್ಣನ್ನು ಕೂರಿಸುವುದೇ ಆ ಹವ್ಯಾಸ. ಕೇಳಿದವರಿಗೆ ಇದು ಹುಚ್ಚೆನಿಸಬಹುದು. ಆದರೆ ಗೊಂಬೆ ಹೇಗೆ ನೋಡಬೇಕೆಂದು ನಿರ್ಧರಿಸುವವರು ಯಾರು ಎಂಬ ಹಳೆಯ ವ್ಯಾಜ್ಯವೊಂದು ಇದರಲ್ಲಿ ಅಡಗಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಗೊಂಬೆಗಣ್ಣಿಗೆ ಹೆಸರಾದ ಊರು ಜರ್ಮನಿಯ ಥುರಿಂಗಿಯಾ ಪ್ರಾಂತದ ಲೌಷಾ. ಅಲ್ಲಿ ಗಾಜನ್ನು ಉರಿಯಲ್ಲಿ ಕಾಯಿಸಿ, ಊದಿ, ಕಣ್ಣುಗುಡ್ಡೆ ಮಾಡುತ್ತಿದ್ದರು. ಗೊಂಬೆಗಳಿಗೆ ಕಣ್ಣು ಮಾಡಿ ಪಳಗಿದ್ದ ಲುಡ್ವಿಗ್ ಮ್ಯುಲ್ಲರ್-ಊರಿ ಎಂಬಾತ 1835ರಲ್ಲಿ ಮನುಷ್ಯರಿಗೂ ಗಾಜಿನ ಕಣ್ಣು ಮಾಡತೊಡಗಿದ. ಆಟಿಕೆಗಾಗಿ ಕಲಿತ ವಿದ್ಯೆ ಕಣ್ಣು ಕಳೆದುಕೊಂಡವರ ಮುಖವನ್ನು ಕಾಯಿತು! ಪ್ಯಾರಿಸಿನ ಜ್ಯುಮೋ ಗೊಂಬೆಗಳ ಗಾಜಿನ ಕಣ್ಣುಗಳಲ್ಲಿ ಕೊಳದ ನೀರಿನಂಥ ಆಳ ಕಾಣುತ್ತಿತ್ತು. ಮಲಗಿಸಿದರೆ ಕಣ್ಣು ಮುಚ್ಚಿಕೊಳ್ಳಲೆಂದು ಗುಡ್ಡೆಯ ಹಿಂದೆ ಸೀಸದ ತೂಕ ಕಟ್ಟುವ ಉಪಾಯವೂ ಆ ಶತಮಾನದ್ದೇ.

ಪ್ಲಾಸ್ಟಿಕ್ಕಿನ ಕಾಲದಲ್ಲಿ ಅನೇಕ ಗೊಂಬೆಗಳಿಗೆ ಗಾಜು ಹೋಗಿ ಬರಿಯ ಬಣ್ಣ ಉಳಿಯಿತು. 1959ರ ಮಾರ್ಚಿಯಲ್ಲಿ ನ್ಯೂಯಾರ್ಕಿನ ಆಟಿಕೆಗಳ ಮೇಳಕ್ಕೆ ಬಂದ ಬಾರ್ಬಿಯ ಕಣ್ಣೂ ಬಣ್ಣದ್ದೇ. ಪ್ರಾಯದ ಹೆಣ್ಣಿನ ರೂಪದ ಆ ಗೊಂಬೆ ಎದುರಿಗಿದ್ದವರನ್ನು ನೆಟ್ಟಗೆ ನೋಡುತ್ತಿರಲಿಲ್ಲ, ನೋಟ ಓರೆಯಾಗಿತ್ತು. ಹನ್ನೆರಡು ವರ್ಷಗಳ ಮೇಲೆ, 1971ರಲ್ಲಿ, ಮಾಲಿಬು ಬಾರ್ಬಿಯ ಕಣ್ಣು ನೇರವಾಯಿತು. ಕುಂಚದ ಒಂದೆರಡು ಗೆರೆ ಸರಿದದ್ದಷ್ಟೇ. ಆದರೂ ಓರೆನೋಟದ ಹೆಣ್ಣಿಗೂ ಎದುರು ನೋಡುವ ಹೆಣ್ಣಿಗೂ ಇರುವ ಅಂತರ ಸಣ್ಣದೇನು? ಅದನ್ನು ಆಗ ತೀರ್ಮಾನಿಸಿದ್ದು ಕಂಪನಿ, ಆಡುವ ಮಕ್ಕಳಲ್ಲ.

ಮರುವರ್ಷವೇ, ಅಂದರೆ 1972ರಲ್ಲಿ, ಅಮೆರಿಕದ ಸಿನ್ಸಿನಾಟಿಯ ಕೆನ್ನರ್ ಕಂಪನಿ ಬ್ಲೈಥ್ ಎಂಬ ವಿಚಿತ್ರ ಗೊಂಬೆಯನ್ನು ಮಾರುಕಟ್ಟೆಗೆ ತಂದಿತು. ಹನ್ನೊಂದು ಅಂಗುಲದ ಸಣಕಲು ಮೈ, ಅದರ ಮೇಲೆ ಕುಂಬಳಕಾಯಿಯಂಥ ತಲೆ. ತಲೆಯ ಹಿಂದಿನ ದಾರವನ್ನು ಎಳೆದರೆ ಕಣ್ಣು ಮುಚ್ಚಿ ತೆರೆದು ಬಣ್ಣ ಬದಲಾಗುತ್ತಿತ್ತು: ಹಸಿರು, ಗುಲಾಬಿ, ನೀಲಿ, ಕಿತ್ತಳೆ. ಮಕ್ಕಳು ಮೆಚ್ಚಲಿಲ್ಲ, ಆ ದೊಡ್ಡ ಕಣ್ಣಿಗೆ ಹೆದರಿದವರೂ ಉಂಟಂತೆ. ಒಂದೇ ವರ್ಷದಲ್ಲಿ ಮಾರಾಟ ನಿಂತಿತು.

ಕಾಲು ಶತಮಾನ ಕಳೆದ ಮೇಲೆ ನ್ಯೂಯಾರ್ಕಿನ ಜೀನಾ ಗರಾನ್ ಎಂಬಾಕೆ ಹಳೆಯ ಬ್ಲೈಥ್ ಒಂದನ್ನು ಹಿಡಿದು ಹೋದಲ್ಲೆಲ್ಲ ಅದರ ಛಾಯಾಚಿತ್ರ ತೆಗೆದರು. 2000ದಲ್ಲಿ ಆ ಚಿತ್ರಗಳು ಪುಸ್ತಕವಾದವು. ಅದೇ ವರ್ಷ ಜಪಾನಿನ ಪಾರ್ಕೋ ಅಂಗಡಿಗಳ ಜಾಹೀರಾತಿನಲ್ಲಿ ಗೊಂಬೆ ಕಾಣಿಸಿಕೊಂಡಿತು. 2001ರಲ್ಲಿ ಟಕಾರಾ ಕಂಪನಿ ಅದನ್ನು ಮತ್ತೆ ತಯಾರಿಸತೊಡಗಿತು. ಅಮೆರಿಕದ ಮಕ್ಕಳು ಒಲ್ಲದ ಕಣ್ಣು ಈಗ ದೊಡ್ಡವರ ಮನಸ್ಸನ್ನು ಸೆಳೆಯಿತು. ಮನೆಯ ಮೇಜಿನ ಮೇಲೆ ಅದರ ಶಸ್ತ್ರಚಿಕಿತ್ಸೆಯೂ ಶುರುವಾಯಿತು.

ಆ ಕೆಲಸದ ಕ್ರಮ ಸ್ವಾರಸ್ಯವಾಗಿದೆ. ಟಕಾರಾ ಗೊಂಬೆಯ ತಲೆಯ ತಿರುಪುಮೊಳೆಗಳನ್ನು ಬಿಚ್ಚಿದರೆ ಮುಖ ಬೇರೆಯಾಗುತ್ತದೆ. ಒಳಗೆ ಒಂದೇ ಅಡ್ಡಪಟ್ಟಿಗೆ ಸೇರಿದ ಎರಡು ಗುಡ್ಡೆ. ಒಂದೊಂದರಲ್ಲಿ ನಾಲ್ಕರಂತೆ ಒಟ್ಟು ಎಂಟು ಬಣ್ಣದ ಬಿಲ್ಲೆ. ಕಾಯಿಸಿದರೆ ಕರಗುವ ಅಂಟಿನ ಕಡ್ಡಿಯನ್ನು ಬಿಲ್ಲೆಗೆ ಒತ್ತಿ, ಆರಿದ ಮೇಲೆ ಎಳೆದರೆ ಬಿಲ್ಲೆ ಕಿತ್ತು ಬರುತ್ತದೆ. ಆ ಜಾಗದಲ್ಲಿ ಕೈಯಲ್ಲೇ ಬರೆದ ಗಾಜಿನ ಬಿಲ್ಲೆ ಕೂರುತ್ತದೆ. ಇನ್ನೊಮ್ಮೆ ಬದಲಿಸಬೇಕೆನಿಸೀತೆಂದು ಗಟ್ಟಿ ಅಂಟನ್ನು ಬಳಸುವುದಿಲ್ಲ. ನೋಟ ಕೆಳಗಿಳಿದಿದ್ದರೆ ಒಳಗಿನ ಪ್ಲಾಸ್ಟಿಕ್ಕನ್ನು ಕೊಂಚ ತೇಯ್ದು ಮೇಲೆತ್ತುತ್ತಾರೆ. ರೆಪ್ಪೆಗೆ ಚಿತ್ರ, ದಾರದ ತುದಿಗೆ ಮಣಿ. ಮುಖದ ಹೊಳಪನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು ಕೆನ್ನೆಗೆ ಬಣ್ಣದ ಪುಡಿ. ಬಾರ್ಬಿಯಂಥ ಮೆತ್ತನೆಯ ಮುಖದ ಬಣ್ಣ ಅಳಿಸಲು ಅಸಿಟೋನ್ ಆದೀತು. ಬ್ಲೈಥಿನ ಗಟ್ಟಿ ಪ್ಲಾಸ್ಟಿಕ್ಕಿಗೆ ಅದು ತಗುಲಿದರೆ ಮುಖವೇ ಕರಗಿ ಹೋಗುತ್ತದೆ.

ಇದಕ್ಕೆ ಆಕ್ಷೇಪವೂ ಉಂಟು, ಅದನ್ನು ತಳ್ಳಿಹಾಕುವಂತಿಲ್ಲ. 1972ರ ಕೆನ್ನರ್ ಗೊಂಬೆಗಳು ಮತ್ತೆ ಹುಟ್ಟಿ ಬರುವಂಥವಲ್ಲ. ಅವುಗಳ ತಲೆಯನ್ನು ಅಂಟು ಬಿಡಿಸಿಯೇ ತೆರೆಯಬೇಕು. ಒಂದೊಂದರ ಕಣ್ಣು ಕಿತ್ತಾಗಲೂ ಆ ಕಾಲದ ಸಾಕ್ಷಿಯೊಂದು ಅಳಿದಂತೆ. ಸಂಗ್ರಾಹಕರಿಗೆ ಗೊಂಬೆ ಇದ್ದಂತೆಯೇ ಉಳಿಯಬೇಕು. ಕುಶಲರಿಗೆ ಅದು ತಮ್ಮದಾಗಬೇಕು. ಹಳೆಯದನ್ನು ಹಾಗೆಯೇ ಬಿಟ್ಟು, ಇಂದು ಬರುವ ಹೊಸದರ ಮೇಲೆ ಕೈಚಳಕ ತೋರಿದರೆ ಇಬ್ಬರಿಗೂ ನ್ಯಾಯ ದೊರೆತೀತು.

ಹಳೆಯದರ ಮೇಲೂ ಒಪ್ಪುವಂತೆ ಕೈಯಾಡಿಸಿದವರಿದ್ದಾರೆ. ಆಸ್ಟ್ರೇಲಿಯದ ಟ್ಯಾಸ್ಮೇನಿಯಾದ ಸೋನಿಯಾ ಸಿಂಗ್ ಎಂಬುವರು ಯಾರೋ ಎಸೆದ, ಢಾಳಾಗಿ ಕಾಡಿಗೆ ಬಳಿದ ಬ್ರಾಟ್ಜ್ ಗೊಂಬೆಗಳನ್ನು ತಂದು, ಉಗುರುಬಣ್ಣ ತೆಗೆಯುವ ದ್ರವ ಮತ್ತು ನೀಲಗಿರಿ ಎಣ್ಣೆಯಿಂದ ಮುಖ ಒರೆಸಿ, ಸಾದಾ ಮಗುವಿನ ಕಣ್ಣು ಬರೆದರು. ಅವರ ತಾಯಿ ಉಣ್ಣೆಯ ಅಂಗಿ ಹೆಣೆದುಕೊಟ್ಟರು. 2015ರಲ್ಲಿ ಆ ಚಿತ್ರಗಳನ್ನು ಜಗತ್ತೇ ನೋಡಿ ಮೆಚ್ಚಿತು. ಅಲ್ಲಿ ಬದಲಾದದ್ದು ಅಂಗೈಯಗಲದ ಮುಖ. ತೆರೆದುಕೊಂಡದ್ದು ಪ್ರಾಯದ ಹೆಣ್ಣಿನ ಸೋಗಿನ ಹಿಂದೆ ಮರೆಯಾಗಿದ್ದ ಮಗುವಿನ ನೋಟ. ಮಗಳ ಕೈಗೆ ಗೊಂಬೆ ಕೊಡುವ ಮೊದಲು, ಅದು ಅವಳನ್ನು ಹೇಗೆ ನೋಡುತ್ತಿದೆಯೆಂದು ನಾವೂ ಒಮ್ಮೆ ಗಮನಿಸಬಹುದು.